ಫಾರ್ಮ್ಯಾಟ್ ಮಾಡಿಸುವ ಮೊದಲು

ಕಳೆದ ತಿಂಗಳು ನಮ್ಮ ಮನೆಗೆ ಹೊಸ ಲ್ಯಾಪ್‌ಟಾಪ್ ಬಂತು. ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು, ಉಳಿದ ಹಣವನ್ನು ಕಂತಿನಲ್ಲಿ ಕಟ್ಟುವ ಮಾತಾಗಿ ತಂದದ್ದು. ಅಬ್ಬಾನ ಹಾರ್ಡ್‌ವೇರ್ ಅಂಗಡಿಯ ಲೆಕ್ಕ, ನನ್ನ ಓದು ಎರಡೂ ಅದರಲ್ಲೇ. ಮೂರನೇ ದಿನ ಇಮೇಲ್ ಪ್ರೋಗ್ರಾಂ ತೆರೆದರೆ ಹತ್ತು ಸೆಕೆಂಡು ನಿಂತು ತಾನೇ ಮುಚ್ಚಿಕೊಂಡಿತು. ಮತ್ತೆ ತೆರೆದರೂ ಅದೇ ಕಥೆ. ಅಂದು ತಾರೀಖು 16. 20ರೊಳಗೆ ಜಿಎಸ್‌ಟಿ ರಿಟರ್ನ್ ಸಲ್ಲಿಸಬೇಕು, ಸಗಟು ವ್ಯಾಪಾರಿಗಳು ಕಳಿಸಿದ ಬಿಲ್ಲುಗಳೆಲ್ಲ ಆ ಮೇಲ್‌ಗಳಲ್ಲೇ ಇವೆ.

ರಿಪೇರಿ ಅಂಗಡಿಯವರು ಫೋನಿನಲ್ಲೇ ಹೇಳಿಬಿಟ್ಟರು: "ತನ್ನಿ, ಫಾರ್ಮ್ಯಾಟ್ ಹೊಡೆದು ಕೊಡ್ತೀನಿ."

ನನ್ನ ತಕರಾರು ಈ ಮಾತಿನ ಮೇಲೆ. ಅವರನ್ನು ದೂರುತ್ತಿಲ್ಲ. ಅವರ ಮೇಜಿನ ಮೇಲೆ ಇಪ್ಪತ್ತು ಯಂತ್ರಗಳು ಕಾದಿರುತ್ತವೆ, ಒಂದೊಂದರ ಕಾರಣ ಹುಡುಕುತ್ತಾ ಕೂತರೆ ಹೊಟ್ಟೆ ತುಂಬುವುದಿಲ್ಲ. ಆದರೆ ಒಳಗೆ ಏನಿದೆ ಎಂದು ಗೊತ್ತಿರುವುದು ನಮಗೆ, ಅವರಿಗಲ್ಲ.

ಅಬ್ಬಾನ ಮೇಲ್ ಪಾಪ್ ಪದ್ಧತಿಯದು. ಇದರಲ್ಲಿ ಸರ್ವರ್‌ನಿಂದ ಮೇಲ್ ನಮ್ಮ ಕಂಪ್ಯೂಟರಿಗೆ ಇಳಿಯುತ್ತದೆ. ಸರ್ವರ್‌ನಲ್ಲೂ ಒಂದು ಪ್ರತಿ ಉಳಿಯಲಿ ಎಂದು ನಾವು ಆರಿಸಿರದಿದ್ದರೆ ಅಲ್ಲಿಂದ ಅಳಿಸಿಹೋಗುತ್ತದೆ. ಐಮ್ಯಾಪ್ ಪದ್ಧತಿಯಲ್ಲಾದರೆ ಅಸಲು ಸರ್ವರ್‌ನಲ್ಲೇ ಇರುತ್ತದೆ. "ಮೊಬೈಲಿನಲ್ಲಿ ನೋಡಿದರಾಯ್ತಲ್ಲ" ಎಂದು ಗೆಳತಿಯರು ಹೇಳಿದ್ದು ಅಂಥವರಿಗೆ ಸರಿ. ನಮ್ಮ ಸೆಟ್ಟಿಂಗ್ ನೋಡಿದೆ, ಪ್ರತಿ ಉಳಿಸುವ ಗುರುತು ಇರಲಿಲ್ಲ. ಹಳೆಯ ಲ್ಯಾಪ್‌ಟಾಪ್ ಕೈಬಿಟ್ಟಿತ್ತು. ಎಂದರೆ ಇಷ್ಟು ವರ್ಷಗಳ ಬಿಲ್ಲು, ಪತ್ರ ಎಲ್ಲಕ್ಕೂ ಉಳಿದಿದ್ದದ್ದು ಈ ಹೊಸ ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡ ಒಂದೇ ಒಂದು ಫೈಲ್. ಫಾರ್ಮ್ಯಾಟ್ ಮಾಡಿದ್ದರೆ ಅದೂ ಇಲ್ಲ.

ಮೊದಲು ಆ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡೆ. ಆಮೇಲೆಯೇ ಧೈರ್ಯ ಬಂದದ್ದು. ವಿಂಡೋಸ್‌ನಲ್ಲಿ ರಿಲಯಬಿಲಿಟಿ ಮಾನಿಟರ್ ಎಂಬುದೊಂದಿದೆ. ಯಾವ ದಿನ ಯಾವ ಪ್ರೋಗ್ರಾಂ ಕ್ರ್ಯಾಶ್ ಆಯಿತೆಂದು ಕೆಂಪು ಗುರುತು ಹಾಕಿ ಇಟ್ಟಿರುತ್ತದೆ. ವಿವರ ಒತ್ತಿದರೆ ಯಾವ ಮಾಡ್ಯೂಲ್‌ನಿಂದ ತೊಂದರೆ ಎಂಬ ಹೆಸರೂ ಸಿಗುತ್ತದೆ. ನಮ್ಮದರಲ್ಲಿ ಪ್ರತಿಸಲವೂ ಒಂದೇ ಹೆಸರು. ಹುಡುಕಿದರೆ ಅದು ಲ್ಯಾಪ್‌ಟಾಪ್ ಜೊತೆಗೇ ಬಂದಿದ್ದ, ನಾವ್ಯಾರೂ ಕೇಳದ ಟ್ರಯಲ್ ಆಂಟಿವೈರಸ್‌ನದ್ದು. ಮೇಲ್ ತಪಾಸಣೆಗೆಂದು ಇಮೇಲ್ ಪ್ರೋಗ್ರಾಂ ಒಳಗೆ ತನ್ನದೊಂದು ಆಡ್-ಇನ್ ಕೂರಿಸಿತ್ತು.

ಅನುಮಾನ ಖಚಿತಪಡಿಸಿಕೊಳ್ಳಲು ಸೇಫ್ ಮೋಡ್ ಇದೆ. ಹಳೆಯ ಮಾದರಿಯ ಔಟ್‌ಲುಕ್ ಆದರೆ ಕಂಟ್ರೋಲ್ ಕೀ, ಥಂಡರ್‌ಬರ್ಡ್ ಆದರೆ ಶಿಫ್ಟ್ ಕೀ ಒತ್ತಿಹಿಡಿದು ತೆರೆದರೆ ಆಡ್-ಇನ್‌ಗಳಿಲ್ಲದೆ ತೆರೆಯಬಹುದು. ಹಾಗೆ ತೆರೆದೆ, ಮುಚ್ಚಿಕೊಳ್ಳಲಿಲ್ಲ. ಟ್ರಯಲ್ ಆಂಟಿವೈರಸ್ ತೆಗೆದುಹಾಕಿದೆ. ಅದು ಹೋದ ಮೇಲೆ ವಿಂಡೋಸ್‌ನದೇ ಡಿಫೆಂಡರ್ ಕಾವಲಿಗೆ ಬರುತ್ತದೆ, ಹೆದರಬೇಕಿಲ್ಲ. ಅಂದಿನಿಂದ ಇಮೇಲ್ ಒಮ್ಮೆಯೂ ಮುಚ್ಚಿಕೊಂಡಿಲ್ಲ. ಬಿಲ್ಲುಗಳು 18ಕ್ಕೇ ಆಡಿಟರ್ ಕೈ ಸೇರಿದವು.

ನನಗೆ ನಾಚಿಕೆಯಾದ ಸಂಗತಿ ಬೇರೆ. ದ್ವಿತೀಯ ಪಿಯು ಕಂಪ್ಯೂಟರ್ ಸೈನ್ಸ್‌ನಲ್ಲಿ ಎಕ್ಸೆಪ್ಷನ್ ಹ್ಯಾಂಡ್ಲಿಂಗ್ ಪಾಠವಿದೆ. ಟ್ರೈ, ಎಕ್ಸೆಪ್ಟ್ ಎಂದು ಬರೆದು ಅಂಕ ತೆಗೆಯುತ್ತೇವೆ. ಪ್ರೋಗ್ರಾಂ ಕೆಟ್ಟಾಗ ಏನು ಹೇಳುತ್ತದೆಂದು ಓದಬೇಕು ಎನ್ನುವುದೇ ಆ ಪಾಠದ ತಿರುಳು. ಮನೆಯಲ್ಲಿ ಮಾತ್ರ ಎರರ್ ಬಾಕ್ಸ್ ಬಂದ ತಕ್ಷಣ ಓದದೆಯೇ ಮುಚ್ಚುತ್ತೇವೆ. ನಾನೂ ಮೊದಲ ಎರಡು ದಿನ ಅದನ್ನೇ ಮಾಡಿದೆ.

ಹಾಗಾಗಿ ನಮ್ಮ ಉಪನ್ಯಾಸಕರಲ್ಲಿ ಒಂದು ಕೋರಿಕೆ. ತಿಂಗಳಿಗೊಂದು ಶನಿವಾರ, ತರಗತಿ ಮುಗಿದ ಮೇಲೆ ಒಂದು ಗಂಟೆ ಲ್ಯಾಬ್ ತೆರೆದಿಡಿ. ಕಲಾ, ವಾಣಿಜ್ಯ ವಿಭಾಗದವರೂ ಬರಲಿ, ಅಂಗಡಿಯ ಲೆಕ್ಕ ನೋಡುವವರು ಅಲ್ಲೇ ಹೆಚ್ಚು. ಕೆಟ್ಟ ಯಂತ್ರ ತರಲಿ, ಸೇರಿ ನೋಡೋಣ. ಫಾರ್ಮ್ಯಾಟ್ ಮಾಡಲೇಬೇಕಾದದ್ದೂ ಕೆಲವು ಇರುತ್ತವೆ, ಅದು ನೋಡಿದ ಮೇಲೆ ತೀರ್ಮಾನವಾಗಲಿ. ಮೊದಲ ಶನಿವಾರಕ್ಕೆ ನಮ್ಮ ಲ್ಯಾಪ್‌ಟಾಪನ್ನೇ ತರುತ್ತೇನೆ. ಪ್ರಿಂಟರ್ ಇನ್ನೂ ಅದರ ಮಾತು ಕೇಳುತ್ತಿಲ್ಲ.