ಸಮಾಹ್ವಯವನ್ನು ಮರೆತವರ ಕ್ರಿಕೆಟ್

ಆಟಗಾರನ ಕೌಶಲವು ಅವನ ಮೇಲೆ ಹಣ ಕಟ್ಟುವವನ ಜೂಜನ್ನು ಶುದ್ಧಗೊಳಿಸಬಲ್ಲದೆ? ಆಧುನಿಕ ಭಾರತದ ಕಾನೂನು ದೀರ್ಘಕಾಲ ಈ ಪ್ರಶ್ನೆಗೆ ಹೌದೆಂದೇ ಉತ್ತರಿಸುತ್ತ ಬಂದಿತು. 1957ರ ಚಮರಬಾಗ್‌ವಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಜೂಜನ್ನು ವಾಣಿಜ್ಯವೆಂದು ಪರಿಗಣಿಸಲಾಗದು ಎಂದು ಸಾರಿತಾದರೂ ಕೌಶಲಪ್ರಧಾನವಾದ ಸ್ಪರ್ಧೆಗಳನ್ನು ಆ ನಿಷೇಧದಿಂದ ಹೊರಗಿರಿಸಿತು. 1996ರಲ್ಲಿ ಕುದುರೆ ಪಂದ್ಯವೂ ಕೌಶಲದ ಆಟವೆನಿಸಿತು. ಮುಂದೆ ಫ್ಯಾಂಟಸಿ ಕ್ರಿಕೆಟ್ಟಿನ ಕಂಪನಿಗಳು ಇದೇ ಕೊಡೆಯ ಕೆಳಗೆ ನಿಂತು ಕೋಟಿಗಟ್ಟಲೆ ವಹಿವಾಟು ನಡೆಸಿದವು.

ಪ್ರಾಚೀನ ಶಾಸ್ತ್ರಕಾರರು ಈ ಗೊಂದಲಕ್ಕೆ ಎಡೆಗೊಟ್ಟಿರಲಿಲ್ಲ. ನಿರ್ಜೀವವಾದ ದಾಳಗಳಿಂದ ಆಡುವುದು ದ್ಯೂತ, ಜೀವಿಗಳ ಸ್ಪರ್ಧೆಯ ಮೇಲೆ ಪಣವಿಡುವುದು ಸಮಾಹ್ವಯ ಎಂದು ಮನುಸ್ಮೃತಿ ವಿಂಗಡಿಸುತ್ತದೆ. ಅಮರಕೋಶವೂ ಈ ಭೇದವನ್ನು ಬಲ್ಲದು. ಕಾದಾಡುವ ಟಗರಿಗೆ ಬಲವುಂಟು, ಹುಂಜಕ್ಕೆ ಚಾತುರ್ಯವುಂಟು ಎಂಬುದು ಅವರಿಗೆ ತಿಳಿಯದ ಸಂಗತಿಯಲ್ಲ. ಆದರೂ ಮನು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಅರಸನು ಎರಡನ್ನೂ ತಡೆಯಬೇಕೆಂದ. ಪರೀಕ್ಷೆಗೆ ಒಳಪಡಬೇಕಾದುದು ಪಣವೇ ಹೊರತು ಕೌಶಲವಲ್ಲ. ಕ್ರಿಕೆಟ್ ಬೆಟ್ಟಿಂಗ್ ಶುದ್ಧಾಂಗವಾಗಿ ಸಮಾಹ್ವಯ.

ಈ ವಿವೇಕವನ್ನು ಕೈಬಿಟ್ಟುದರ ಫಲ ಕರ್ನಾಟಕದಲ್ಲೇ ಕಂಡಿತು. 2019ರ ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ಹಣಕ್ಕಾಗಿ ನಿಧಾನವಾಗಿ ಬ್ಯಾಟಿಂಗ್ ಮಾಡಲಾಯಿತೆಂಬ ಆರೋಪದ ಮೇಲೆ ಬೆಂಗಳೂರಿನ ಸಿಸಿಬಿ ಪೊಲೀಸರು ಆಟಗಾರರನ್ನು ಬಂಧಿಸಿದರು. 2022ರ ಜನವರಿಯಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಆ ಮೊಕದ್ದಮೆಯನ್ನು ರದ್ದುಪಡಿಸಿತು. ಪ್ರೇಕ್ಷಕರು ಸ್ವಇಚ್ಛೆಯಿಂದ ಟಿಕೆಟ್ ಕೊಂಡವರಾದ್ದರಿಂದ ಮ್ಯಾಚ್ ಫಿಕ್ಸಿಂಗ್ ದಂಡಸಂಹಿತೆಯ 420ನೆಯ ಕಲಮಿನ ವಂಚನೆಯಾಗದು. ಕ್ರಿಕೆಟ್ ಒಂದು ಕ್ರೀಡೆಯಾದ್ದರಿಂದ ಅದರ ಮೇಲೆ ಬೆಟ್ಟಿಂಗ್ ನಡೆದರೂ ಅದು ಪೊಲೀಸ್ ಕಾಯಿದೆ ಹೇಳುವ ಜೂಜಾಗದು. ಬೇಕಿದ್ದರೆ ಕ್ರಿಕೆಟ್ ಮಂಡಳಿ ಶಿಸ್ತುಕ್ರಮ ಜರುಗಿಸಬಹುದು. ಆರೋಪ ನಿಜವೋ ಸುಳ್ಳೋ ಎಂಬ ವಿಚಾರಣೆಗೆ ಅವಕಾಶವೇ ಉಳಿಯಲಿಲ್ಲ. ಕಾನೂನಿನ ಅಕ್ಷರದ ಮಟ್ಟಿಗೆ ತೀರ್ಪನ್ನು ತಪ್ಪೆನ್ನಲಾಗದು. ತಪ್ಪಿರುವುದು ಅಂಥ ಅಕ್ಷರವನ್ನು ಹಾಗೆಯೇ ಉಳಿಸಿಕೊಂಡ ಶಾಸನಕರ್ತರಲ್ಲಿ. ಸಾವಿರಾರು ಜನರ ಎದುರು ಪಂದ್ಯವೊಂದನ್ನು ಮಾರಿದರೂ ಯಾರೂ ಮೋಸಹೋಗಲಿಲ್ಲ ಎನ್ನಬೇಕಾದ ವಿಚಿತ್ರ ಸ್ಥಿತಿ ಇದು.

ಬೆಟ್ಟಿಂಗನ್ನು ಶಾಸನಬದ್ಧಗೊಳಿಸಿದರೆ ಭ್ರಷ್ಟತೆ ಅಡಗುತ್ತದೆ ಎಂಬ ಇನ್ನೊಂದು ವಾದವುಂಟು. 2016ರಲ್ಲಿ ನ್ಯಾಯಮೂರ್ತಿ ಲೋಧಾ ಸಮಿತಿ ಇದನ್ನೇ ಸೂಚಿಸಿತು. ಇದರ ಸಮರ್ಥಕರಿಗೆ ಕೌಟಿಲ್ಯನ ದ್ಯೂತಾಧ್ಯಕ್ಷ ಪ್ರಿಯನಾಗಬಹುದು: ಆತ ಗೆದ್ದವರಿಂದ ನೂರಕ್ಕೆ ಐದರಂತೆ ಪಡೆಯುತ್ತಿದ್ದ. ಆದರೆ ಕೌಟಿಲ್ಯನು ಜೂಜನ್ನು ಒಂದೆಡೆ ಕೂಡಿಹಾಕಿದ್ದು ಗುಪ್ತವಾಗಿ ಬದುಕುವ ಕಳ್ಳರನ್ನು ಪತ್ತೆಹಚ್ಚಲು. ಕಪಟ ದಾಳಕ್ಕೆ ಅವನಲ್ಲಿ ದಂಡವಿತ್ತು. ಜೂಜುಕಟ್ಟೆಯ ಹೆಸರನ್ನು ಸೈನಿಕರ ಎದೆಯ ಮೇಲೆ ಬರೆಸೆಂದು ಅವನು ಹೇಳಲಿಲ್ಲ. 2023ರಿಂದ ಎರಡು ವರ್ಷ ಭಾರತ ತಂಡದ ಅಂಗಿಯ ಮೇಲೆ ಮೆರೆದದ್ದು ಹಣ ಕಟ್ಟಿಸಿ ಆಡಿಸುವ ಕಂಪನಿಯೊಂದರ ಹೆಸರು. ಬೆಟ್ಟಿಂಗ್ ಶಾಸನಬದ್ಧವಾಗಿರುವ ಬ್ರಿಟನ್ನಿನಲ್ಲೂ 2010ರ ಲಾರ್ಡ್ಸ್ ಟೆಸ್ಟಿನಲ್ಲಿ ಹಣಕ್ಕಾಗಿ ನೋಬಾಲುಗಳು ಬಿದ್ದವು. ಮರುವರ್ಷ ಪಾಕಿಸ್ತಾನದ ಮೂವರು ಆಟಗಾರರನ್ನು ಸೆರೆಮನೆಗೆ ಕಳಿಸಿದ್ದು ಬೆಟ್ಟಿಂಗಿನ ಪರವಾನಗಿಯಲ್ಲ, ಜೂಜಿನಲ್ಲಿ ಮೋಸವನ್ನು ಅಪರಾಧವೆಂದು ಹೆಸರಿಸಿದ ಕಾನೂನು.

ಜೈನ ಶ್ರಾವಕಾಚಾರ ಗ್ರಂಥಗಳು ಸಪ್ತವ್ಯಸನಗಳಲ್ಲಿ ದ್ಯೂತವನ್ನೇ ಮೊದಲಿಗೆ ಹೇಳುತ್ತವೆ. ವಸುನಂದಿ ಆಚಾರ್ಯರು ತಮ್ಮ ಪ್ರಾಕೃತ ಶ್ರಾವಕಾಚಾರದಲ್ಲಿ ಅದಕ್ಕೆ ದೃಷ್ಟಾಂತವಾಗಿ ಆರಿಸಿಕೊಂಡದ್ದು ಶಕುನಿಯನ್ನಲ್ಲ, ಯುಧಿಷ್ಠಿರನನ್ನು. ಈ ಆಯ್ಕೆ ಗಂಭೀರವಾದುದು. ಕಪಟಿ ಹೇಗೂ ಕಪಟಿಯೇ. ಧರ್ಮಿಷ್ಠನೆನಿಸಿದವನೂ ಪಣವಿಟ್ಟೊಡನೆ ರಾಜ್ಯಭ್ರಷ್ಟನಾಗುತ್ತಾನೆ ಎಂಬುದರಲ್ಲಿ ವ್ಯಸನದ ನಿಜರೂಪವಿದೆ. ಇಂದಿನ ಪತ್ರಿಕೆಗಳು ಪ್ರತಿ ಹಗರಣದಲ್ಲೂ ಒಬ್ಬ ಶಕುನಿಯನ್ನು, ಒಬ್ಬ ಬುಕ್ಕಿಯನ್ನು ಹುಡುಕಿ ತೃಪ್ತವಾಗುತ್ತವೆ. ನೆತ್ತದ ಹಾಸು ಹಾಸಿಯೇ ಇರುತ್ತದೆ. ಮೊಬೈಲು ಹಿಡಿದ ಸಾಮಾನ್ಯ ಯುವಕ ಅದರ ಮುಂದೆ ಯುಧಿಷ್ಠಿರನಂತೆ ಕುಳಿತಿರುತ್ತಾನೆ.

2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯಿದೆ ಕೌಶಲವೋ ಅದೃಷ್ಟವೋ ಎಂಬ ಭೇದವೆಣಿಸದೆ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ತಡವಾಗಿಯಾದರೂ ಪಣವೇ ಒರೆಗಲ್ಲಾಯಿತು. ಆದರೆ ಅರ್ಧ ಕೆಲಸವಷ್ಟೇ ಆಗಿದೆ. ಮ್ಯಾಚ್ ಫಿಕ್ಸಿಂಗನ್ನು ಪ್ರತ್ಯೇಕ ಅಪರಾಧವೆಂದು ಘೋಷಿಸಬೇಕೆಂದು ಕಾನೂನು ಆಯೋಗ 2018ರಲ್ಲೇ ಹೇಳಿತ್ತು. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಆ ಮಾತಿಗೆ ಕಿವಿಗೊಡಲಿಲ್ಲ. ಪಣವಿಡುವವನನ್ನು ತಡೆದು ಪಂದ್ಯ ಮಾರುವವನಿಗೆ ದಾರಿ ಬಿಡುವ ವ್ಯವಸ್ಥೆಗೆ ನ್ಯಾಯವೆಂಬ ಹೆಸರು ಸಲ್ಲದು. ಕಪಟ ದಾಳಕ್ಕೆ ಕೌಟಿಲ್ಯನಲ್ಲಿದ್ದ ದಂಡ ಕಪಟ ಪಂದ್ಯಕ್ಕೆ ಗಣರಾಜ್ಯದಲ್ಲಿಯೂ ಇರಬೇಕು.