ಬೀಗ ಬಿದ್ದ ಕಂಪ್ಯೂಟರ್ ಕೋಣೆ

1880ರಲ್ಲಿ ಜೆಸ್ವಿಟ್ ಪಾದ್ರಿಗಳು ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದರು. ಕ್ಯಾಥೊಲಿಕ್ ಶಾಲೆ ಎಂದರೆ ಒಳ್ಳೆಯ ಪಾಠ ಎಂಬ ನಂಬಿಕೆ ಜಿಲ್ಲೆಯ ಜನರಿಗೆ ಅಂದಿನಿಂದಲೂ ಉಂಟು. ಈಗ ಪಾಠದ ಜೊತೆ ಕಂಪ್ಯೂಟರೂ ಬೇಕು. ಆದರೆ ಎಲ್ಲ ಕ್ಯಾಥೊಲಿಕ್ ಶಾಲೆಗಳ ಕಥೆ ಒಂದೇ ಅಲ್ಲ ಸ್ವಾಮಿ!

ಪೇಟೆಯ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಫೀಸು ಬರುತ್ತದೆ, ಯಂತ್ರವೂ ಬರುತ್ತದೆ. ಹಳ್ಳಿಯ ಇಗರ್ಜಿ ಪಕ್ಕದ ಕನ್ನಡ ಮಾಧ್ಯಮದ ಅನುದಾನಿತ ಶಾಲೆಯ ಗತಿ ಏನು? ಸರ್ಕಾರದ ಅನುದಾನ ಅಂದರೆ ಮುಖ್ಯವಾಗಿ ಮಂಜೂರಾದ ಹುದ್ದೆಯ ಮಾಸ್ಟ್ರುಗಳ ಸಂಬಳ. ಕಂಪ್ಯೂಟರ್ ಟೀಚರಿಗೆ ಆಡಳಿತದವರೇ ದುಡ್ಡು ಹೊಂದಿಸಬೇಕು. ಗಲ್ಫಿನಲ್ಲಿರುವ ಹಳೆ ವಿದ್ಯಾರ್ಥಿಗಳು ನಾಲ್ಕು ಯಂತ್ರ ಕೊಡಿಸುತ್ತಾರೆ. ಉದ್ಘಾಟನೆ, ಹಾರ, ಫೋಟೋ ಎಲ್ಲ ಆಗುತ್ತದೆ. ಯು.ಪಿ.ಎಸ್. ಬ್ಯಾಟರಿ ಸತ್ತ ದಿನ ಮಾತ್ರ ಯಾರೂ ಇಲ್ಲ. ಕೋಣೆಗೆ ಬೀಗ!

2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿದಾಗ ಗುಟ್ಟು ರಟ್ಟಾಯಿತು. ಪಾಠ ಫೋನಿಗೆ ಬಂತು. ಫೋನು ಅಪ್ಪನ ಜೇಬಿನಲ್ಲಿ ಕೂಲಿಗೆ ಹೋಯಿತು. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನಲ್ಲಿ ನೆಟ್‌ವರ್ಕ್ ಹುಡುಕಿ ರಸ್ತೆ ಬದಿ ಕೂತ ಮಗಳಿಗೆ ಮಳೆಯಲ್ಲಿ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೇ ನೋಡಿತು.

ಕೊರತೆ ಇರುವುದು ಯಂತ್ರಕ್ಕಲ್ಲ, ಕಲಿಸುವ ಕೈಗೆ. ಗಣಿತದ ಟೀಚರೇ ಪರದೆ ಮೇಲೆ ಭಿನ್ನರಾಶಿ ತೋರಿಸಿದರೆ ಅದು ಕಲಿಕೆ. ವಾರಕ್ಕೊಮ್ಮೆ ಮಕ್ಕಳಿಂದ ಚಿತ್ರ ಬಿಡಿಸಿದರೆ ಬರೀ ಹೊತ್ತುಗಳೆಯುವ ಆಟ.

ದಾನಿಗಳೇ, ಮುಂದಿನ ಸಲ ಒಂದು ಯಂತ್ರ ಕಡಿಮೆ ಕೊಡಿ. ಆ ದುಡ್ಡನ್ನು ಟೀಚರ ತರಬೇತಿಗೆ, ರಿಪೇರಿಗೆ ಕಟ್ಟಿ. ಕೋಣೆಯ ಬೀಗ ತೆಗೆಯಲಿ!