ಧಾರಣೆಯ ಫಲಕವೂ ಅದರ ದೋಷ ಪರೀಕ್ಷೆಯೂ

ರೇಷ್ಮೆಯ ಬೆಳೆಯು ಕೈಗೆ ಬಂದಮೇಲೆ ರೈತನಿಗೆ ಕಾಯಲು ಇರುವ ಅವಕಾಶವು ಬಹು ಸ್ವಲ್ಪ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟ ಐದಾರು ದಿನಗಳಿಗೆ ಗೂಡನ್ನು ಬಿಡಿಸುವರು. ಅಲ್ಲಿಂದ ಕೆಲವೇ ದಿನಗಳಲ್ಲಿ ಚಿಟ್ಟೆಯು ಗೂಡನ್ನು ತೂತುಮಾಡಿಕೊಂಡು ಹೊರಬೀಳುವುದು. ಅಂಥ ಗೂಡಿನಿಂದ ನೂಲು ತೆಗೆಯಲಾಗದು. ಆದುದರಿಂದ ದೊಡ್ಡಮಳೂರಿನ ರೈತನು ರಾಮನಗರದ ಗೂಡಿನ ಮಾರುಕಟ್ಟೆಯ ಧಾರಣೆಯನ್ನು ಆಯಾ ದಿನವೇ ತಿಳಿಯುವುದು ಅವಶ್ಯಕವಾಗಿದೆ.

ಧಾರಣೆಯನ್ನೂ ಮಳೆಯ ಮುನ್ಸೂಚನೆಯನ್ನೂ ಊರಿನ ನಡುವೆ ತೋರಿಸುವುದಕ್ಕೆ ಇ-ಪೇಪರ್ ಎಂಬ ಫಲಕವು ಯೋಗ್ಯವಾದುದು. ಇದನ್ನು 2012ರಲ್ಲಿ ಮಾರಾಟಕ್ಕೆ ಬಂದ ರಾಸ್ಪ್‌ಬೆರಿ ಪೈ ಮೊದಲಾದ ಒಂಟಿ ಬೋರ್ಡಿನ ಸಣ್ಣ ಕಂಪ್ಯೂಟರಿಗೆ ಜೋಡಿಸುವರು. ಫಲಕದೊಳಗಿನ ಅತಿ ಸೂಕ್ಷ್ಮವಾದ ಕೋಶಗಳಲ್ಲಿ ಕಪ್ಪು ಮತ್ತು ಬಿಳಿಯ ಕಣಗಳಿರುತ್ತವೆ. ವಿದ್ಯುತ್ತಿನ ಒತ್ತಡದಿಂದ ಇವು ಮೇಲಕ್ಕೂ ಕೆಳಕ್ಕೂ ಸರಿದು ಅಕ್ಷರಗಳು ಮೂಡುವುವು. ಬಿಸಿಲಿನಲ್ಲಿಯೂ ಬರಹವು ಚೆನ್ನಾಗಿ ಕಾಣುವುದು. ಬರಹ ಬದಲಾಗುವಾಗ ಹೊರತು ಫಲಕಕ್ಕೆ ವಿದ್ಯುತ್ತು ಬೇಕಾಗದು.

ಆದರೆ ಈ ಗುಣದಲ್ಲಿಯೇ ಅಪಾಯವೂ ಅಡಗಿದೆ. ವಿದ್ಯುತ್ತು ನಿಂತೊಡನೆ ಸಾಮಾನ್ಯ ದೀಪದ ಫಲಕವು ಕತ್ತಲಾಗಿ ತನ್ನ ದೋಷವನ್ನು ತಾನೇ ತಿಳಿಸುವುದು. ಇ-ಪೇಪರಾದರೋ ಕಂಪ್ಯೂಟರು ಕೆಟ್ಟು ವಾರವಾದರೂ ಕೊನೆಯ ಧಾರಣೆಯನ್ನು ಸ್ಪಷ್ಟವಾಗಿ ತೋರಿಸುತ್ತಲೇ ಇರುವುದು. ಅದನ್ನು ನಂಬಿದ ರೈತನು ಬೆಲೆ ಇಳಿದ ದಿನ ಗೂಡನ್ನು ಹೊತ್ತು ಹೋದಾನು. ಇಲ್ಲವೆ ಬೆಲೆ ಏರಿದ ದಿನ ಮನೆಯಲ್ಲಿಟ್ಟುಕೊಂಡು ಕುಳಿತಾನು. ಏನನ್ನೂ ತೋರಿಸದ ಫಲಕಕ್ಕಿಂತ ಹಳೆಯದನ್ನು ತೋರಿಸುವ ಫಲಕವು ಹೆಚ್ಚು ಹಾನಿಕರವೆಂಬುದನ್ನು ಮುಖಂಡರು ಮನಗಾಣತಕ್ಕದ್ದು.

ಇದಕ್ಕೆ ಮೊದಲನೆಯ ಪರಿಹಾರವು ಸುಲಭ. ಧಾರಣೆಯು ಯಾವ ದಿನದ್ದೋ ಆ ತಾರೀಖನ್ನು ಫಲಕದ ತಲೆಯಲ್ಲಿ ದಪ್ಪಕ್ಷರಗಳಿಂದ ತೋರಿಸಬೇಕು. ಕಂಪ್ಯೂಟರಿನ ಗಡಿಯಾರದ ತಾರೀಖು ಇದಕ್ಕೆ ಸಾಲದು. ಇಂಥ ಬೋರ್ಡುಗಳಲ್ಲಿ ಅನೇಕವಕ್ಕೆ ಬ್ಯಾಟರಿಯಿಂದ ನಡೆಯುವ ಗಡಿಯಾರವಿಲ್ಲ. ವಿದ್ಯುತ್ತು ಹೋಗಿ ಬಂದಮೇಲೆ ಇಂಟರ್ನೆಟ್ ಸಂಪರ್ಕ ದೊರೆಯುವವರೆಗೆ ತಪ್ಪು ಕಾಲವನ್ನೇ ಹೇಳುವುವು.

ತಾರೀಖು ಹಿಂದುಳಿದುದು ಕಂಡೊಡನೆ ಕ್ರಮವಾಗಿ ಪರೀಕ್ಷಿಸಬೇಕು. ಮೊದಲು ವಿದ್ಯುತ್ತು: ಮೊಬೈಲಿನ ದುರ್ಬಲ ಚಾರ್ಜರಿನಿಂದ ಬೋರ್ಡು ಪದೇ ಪದೇ ನಿಂತು ಹೊರಡುವುದುಂಟು. ಎರಡನೆಯದು ಜೋಡಣೆ: ವಿದ್ಯುತ್ತನ್ನು ತೆಗೆದು, ಪಿನ್ನುಗಳೂ ಫಲಕದ ತೆಳುವಾದ ಪಟ್ಟಿಯೂ ಸರಿಯಾಗಿ ಕೂತಿವೆಯೇ ಎಂದು ನೋಡಬೇಕು; ಪಟ್ಟಿಯನ್ನು ಮಡಿಸಬಾರದು. ಮೂರನೆಯದಾಗಿ, ಫಲಕಕ್ಕೆ ಸುದ್ದಿ ಸಾಗಿಸುವ ಎಸ್‌ಪಿಐ ಎಂಬ ಮಾರ್ಗವು ತೆರೆದಿರಬೇಕು. ಹೊಸದಾಗಿ ಸಿದ್ಧಪಡಿಸಿದ ರಾಸ್ಪ್‌ಬೆರಿ ಪೈಯಲ್ಲಿ ಇದು ಮುಚ್ಚಿರುವುದು. ನಾಲ್ಕನೆಯದು ಮಾದರಿ: ಒಂದೇ ಅಳತೆಯ ಫಲಕಗಳಲ್ಲಿಯೂ ಭೇದಗಳುಂಟು. ಬೇರೆ ಮಾದರಿಯ ಪ್ರೋಗ್ರಾಮನ್ನು ಹಾಕಿದರೆ ಫಲಕವು ಬರಿದಾಗಿರಬಹುದು, ಅಥವಾ ‘ಬ್ಯುಸಿ’ ಎಂಬ ಸಂಕೇತವನ್ನು ಕಾಯುತ್ತ ಕೆಲಸವೆಲ್ಲ ನಿಂತುಬಿಡಬಹುದು.

ಹೊಸ ಬರಹದ ಹಿಂದೆ ಹಳೆಯದರ ಛಾಯೆ ಕಂಡರೆ ಪೂರ್ಣವಾಗಿ ಅಳಿಸಿ ಬರೆಯಿಸಬೇಕು. ಆಗ ಫಲಕವು ಕಪ್ಪು ಬಿಳುಪಾಗಿ ಮಿನುಗುವುದು ದೋಷವಲ್ಲ. ಬರೆದಾದಮೇಲೆ ಫಲಕವನ್ನು ನಿದ್ರಾಸ್ಥಿತಿಗೆ ಕಳುಹಿಸುವ ಆಜ್ಞೆಯು ಪ್ರೋಗ್ರಾಮಿನಲ್ಲಿ ಇರಲೇಬೇಕು. ಒಳಗಿನ ವಿದ್ಯುತ್ತಿನ ಒತ್ತಡವು ಬಹುಕಾಲ ನಿಂತರೆ ಫಲಕವು ಕೆಡುವುದು.

ಇವುಗಳಲ್ಲಿ ಯಾವುದಕ್ಕೂ ಪಟ್ಟಣದ ಕುಶಲನನ್ನು ಮೊದಲೇ ಕರೆಯಬೇಕಾಗಿಲ್ಲ. ಊರಿನ ಇಬ್ಬರು ಯುವಕರಿಗೆ ಈ ಕ್ರಮವನ್ನು ಕಲಿಸಿ, ಫಲಕದ ಮಾದರಿಯನ್ನೂ ಮಾಡಿದ ದುರಸ್ತಿಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಿಸುವುದು ಉತ್ತಮ. ಫಲಕಕ್ಕೆ ಹಣ ಕೊಟ್ಟ ಮಾತ್ರಕ್ಕೆ ಮುಖಂಡರ ಹೊಣೆಯು ತೀರದು. ಪ್ರತಿದಿನ ಬೆಳಿಗ್ಗೆ ಯಾರಾದರೊಬ್ಬರು ತಾರೀಖನ್ನು ನೋಡಲಿ. ಅದು ಹಳೆಯದಾಗಿದ್ದಲ್ಲಿ, ದುರಸ್ತಿಯಾಗುವವರೆಗೆ ಫಲಕದ ಮೇಲೆ ಬಟ್ಟೆಯನ್ನು ಮುಚ್ಚಿ, ಧಾರಣೆಯನ್ನು ಫೋನಿನಿಂದ ವಿಚಾರಿಸಿ ಕರಿಹಲಗೆಯ ಮೇಲೆ ಬರೆಯಿಸಲಿ.